ಗೇಟಿನ ಗಿಡ ಸವರಿದ್ದು

ಶಿವಮೊಗ್ಗ
18 ಆಗಸ್ಟ್ 2024

ಪ್ರೀತಿಯ ಉಮತ್ತೆಗೆ,

ಕಾಲೇಜಿನ ಹಾಸ್ಟೆಲ್ ಸೇರಿ ಒಂದು ವಾರ ಆಯಿತು. "ಆರನೇ ಕ್ಲಾಸಿಂದ ಹಾಸ್ಟೆಲ್‌ನಲ್ಲೇ ಬೆಳೆದೋಳಿಗೆ ಇದೇನು ಹೊಸ್ದಾ" ಅಂತ ಅಪ್ಪ ಬಸ್ಸಿನಲ್ಲಿ ಅಂದರು. ಹೊಸದೇ ಉಮತ್ತೆ. ಅಲ್ಲಿ ಬೆಲ್ ಹೊಡೆದರೆ ಏಳುತ್ತಿದ್ದೆವು, ಬೆಲ್ ಹೊಡೆದರೆ ಮಲಗುತ್ತಿದ್ದೆವು. ಇಲ್ಲಿ ಯಾರೂ ಏನೂ ಹೇಳುವುದಿಲ್ಲ, ಎಲ್ಲ ನಾವೇ ತಿಳಿದುಕೊಳ್ಳಬೇಕು. ಬಾಟನಿ ಲ್ಯಾಬಿನಲ್ಲಿ ಬ್ಲೇಡ್ ಹಿಡಿದರೆ ಕೈ ನಡುಗುತ್ತದೆ. ಅಟೆಂಡೆನ್ಸ್ ಕರೆಯುವಾಗ "ಪ್ರೆಸೆಂಟ್ ಸರ್" ಅನ್ನುವುದನ್ನು ಮನಸ್ಸಿನಲ್ಲೇ ಪ್ರಾಕ್ಟೀಸ್ ಮಾಡುತ್ತಿರುತ್ತೇನೆ, ಅಷ್ಟರಲ್ಲಿ ನನ್ನ ನಂಬರ್ ದಾಟಿ ಹೋಗಿರುತ್ತದೆ.

ನಿಮ್ಮ ಕಿವಿಗೆ ಫೋನ್ ಆಗುವುದಿಲ್ಲ, ವಾಟ್ಸಾಪ್ ನಿಮಗೆ ಸೇರುವುದಿಲ್ಲ. ಆದ್ದರಿಂದ ಸ್ಕೂಲಿನಲ್ಲಿದ್ದಾಗಿನ ಹಾಗೆ ಕಾಗದವೇ. ತಪ್ಪು ತಿದ್ದಲು ಕೆಂಪು ಇಂಕು ರೆಡಿ ಇಟ್ಟುಕೊಳ್ಳಿ.

ನಿಜ ಹೇಳಬೇಕೆಂದರೆ ಬರೆಯುತ್ತಿರುವುದು ಗೇಟಿನ ಗಿಡಕ್ಕೋಸ್ಕರ. ಅಮ್ಮ ಹೋದ ಮೇಲೆ ಎರಡು ವರ್ಷ, ರಜೆಗೆ ಬಂದಾಗಲೆಲ್ಲ ನಾನೇ ಅದನ್ನು ನೋಡಿಕೊಂಡೆ. ಇನ್ನು ನೀವೇ. ಮಳೆಗಾಲದಲ್ಲಿ ಕಾಗದದ ಹೂವಿನ ಗಿಡ ಸುಮ್ಮನೆ ಎಲೆ ಬಿಡುತ್ತದೆ, ಕೋಲಿನ ಹಾಗೆ ನೆಟ್ಟಗೆ ಮೇಲಕ್ಕೆ ಚಿಗುರು ಹೋಗುತ್ತದೆ. ಅಂಥವನ್ನು ಮಾತ್ರ ತೆಗೆಸಿ. ದೊಡ್ಡ ಕಟಿಂಗ್ ಈಗ ಬೇಡ, ಒದ್ದೆಯಲ್ಲಿ ಕತ್ತರಿಸಿದ ಜಾಗ ಕೊಳೆಯುತ್ತದೆ. ಮಳೆ ನಿಂತ ಮೇಲೆ ದೀಪಾವಳಿಗೆ ನಾನೇ ಬಂದು ಮಾಡುತ್ತೇನೆ. ಆಮೇಲೆ ನೀರು ನಿಲ್ಲಿಸಬೇಕು. ಅಮ್ಮ ಅನ್ನುತ್ತಿದ್ದದ್ದು ನೆನಪಿದೆಯಲ್ಲ, "ಇದಕ್ಕೆ ಬಾಯಾರ್ಬೇಕು ಕಣೇ, ಆಗ್ಲೇ ಹೂ ಬಿಡೋದು. ಹೊಟ್ಟೆ ತುಂಬಿದ್ರೆ ಬರೀ ಎಲೆ, ಮುಳ್ಳು" ಅಂತ. ಎಲೆ ಜೋತುಬಿದ್ದಾಗ ಮಾತ್ರ ಒಂದು ಕೊಡ ನೀರು. ಗೊಬ್ಬರ ಹಾಕಲೇಬೇಡಿ. ಹೂ ಉದುರಿದ ಮೇಲೆ ತುದಿಗಳನ್ನು ಒಂದು ಗೇಣು ಕತ್ತರಿಸಿದರೆ ಮತ್ತೆ ಹೂ. ಹೀಗೇ ಮುಂಗಾರಿನ ತನಕ.

ನಾನು ಹುಟ್ಟಿದ ವರ್ಷ ನ್ಯೂ ಟೌನ್‌ನಲ್ಲಿ ಯಾರೋ ಕ್ವಾರ್ಟರ್ಸ್ ಖಾಲಿ ಮಾಡುವಾಗ ಬಿಸಾಕಿದ್ದ ಕಡ್ಡಿ ಅದು. ಅಮ್ಮ ತಂದು ಊರಿದ್ದು. ಈಗ ಕಮಾನು ತುಂಬಿ ಮಹಡಿ ಮುಟ್ಟಿದೆ. ಅವಳ ಸೀರೆಗಳನ್ನೆಲ್ಲ ಹಂಚಿದಿರಿ, ನಾನು ಏನೂ ಅನ್ನಲಿಲ್ಲ. ಅವಳು ಮುಟ್ಟಿ ಬೆಳೆಸಿದ್ದು ಅಂತ ಉಳಿದಿರುವುದು ಅದೊಂದೇ. ನನಗೆ ಹೇಳದೆ ಅದಕ್ಕೆ ಏನೂ ಮಾಡಬೇಡಿ ಉಮತ್ತೆ, ಪ್ಲೀಸ್.

ನಿಮ್ಮ
ಅಮ್ಮು


ಓಲ್ಡ್ ಟೌನ್, ಭದ್ರಾವತಿ
28 ಆಗಸ್ಟ್ 2024

ಚಿ. ಅಮೂಲ್ಯಳಿಗೆ ಉಮತ್ತೆಯ ಆಶೀರ್ವಾದ.

ಶಾಯಿ ಅನ್ನುವ ಪದ ಇನ್ನೂ ಸತ್ತಿಲ್ಲ, 'ಇಂಕು' ಯಾಕೆ? 'ಕಟಿಂಗ್' ಗಂಡಸರು ತಲೆಗೆ ಮಾಡಿಸಿಕೊಳ್ಳುವುದು. ಗಿಡಕ್ಕೆ ಬೇರೆ ಮಾತಿದೆ, ಹುಡುಕಿಕೋ. ಉಳಿದಂತೆ ಪತ್ರ ಚೆನ್ನಾಗಿದೆ. ನಿನ್ನ ಅಕ್ಷರ ಮಾತ್ರ ಬಸ್ಸಿಗೆ ಓಡುತ್ತಿರುವವಳ ಹಾಗಿದೆ, ಸ್ವಲ್ಪ ನಿಂತು ಬರೆ.

ಮಳೆ ಬಿಟ್ಟಿಲ್ಲ. ಭದ್ರೆ ಸೇತುವೆಯ ಹತ್ತಿರ ಬಂದಿದ್ದಾಳೆಂದು ದಿನವೂ ಒಬ್ಬರಲ್ಲ ಒಬ್ಬರು ನೋಡಿ ಬಂದು ಹೇಳುತ್ತಾರೆ. ನಿನ್ನ ಕೋಲು ಚಿಗುರುಗಳನ್ನು ನಾನೇ ಕಿತ್ತೆ. ಸೆರಗು ಮುಳ್ಳಿಗೆ ಸಿಕ್ಕಿ ಹರಿಯಿತು. ನಿನ್ನಮ್ಮನ ಗಿಡಕ್ಕೂ ಅವಳ ಹಾಗೇ, ಸುಮ್ಮನೆ ಬಿಡುವ ಜಾಯಮಾನವಲ್ಲ.

ನಿನ್ನ ಅಪ್ಪ ಚೆನ್ನಾಗಿದ್ದಾನೆ. ಅಂಗಡಿಯಲ್ಲಿ ಮೋಟರು ಸುತ್ತುವ ಕೆಲಸ ಕಡಿಮೆ, ಹೊಳೆಹೊನ್ನೂರು ಕಡೆ ಪಂಪ್‌ಸೆಟ್ ರಿಪೇರಿ ಹೆಚ್ಚು ಅನ್ನುತ್ತಾನೆ. ವಾರಕ್ಕೆರಡು ಸಲ ಹೋಗುತ್ತಾನೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತಾನೆ.

ಹೊಟ್ಟೆ ತುಂಬ ಉಣ್ಣು. ನೀನು ಗಿಡವಲ್ಲ.

ಉಮಾಮಹೇಶ್ವರಿ


ಶಿವಮೊಗ್ಗ
5 ನವೆಂಬರ್ 2024

ಪ್ರೀತಿಯ ಉಮತ್ತೆಗೆ,

ಕೈ ನೋಡಿ ಕವನಾ ಹೆದರಿಬಿಟ್ಟಳು. "ಬೆಕ್ಕಿನ ಜೊತೆ ಜಗಳ ಆಡಿದ್ಯೇನೇ?" ಅಂದಳು. ದೀಪಾವಳಿಗೆ ಮನೆಗೆ ಬಂದು ಗಿಡ ಕತ್ತರಿಸಿ ಬಂದೆ ಅಂದರೆ ನಂಬುವುದಿಲ್ಲ. ಅವಳೂ ನಮ್ಮೂರಿನವಳೇ, ನಮ್ಮ ಹಿಂದಿನ ಬೀದಿ. ಈಗ ನನ್ನ ರೂಮ್‌ಮೇಟ್.

ಉಮತ್ತೆ, ಈ ಸಲ ಕತ್ತರಿಸುವಾಗ ಕೈ ನಡುಗಲಿಲ್ಲ. ಲ್ಯಾಬಿನಲ್ಲಿ ಒಂದು ಎಲೆ ಕೊಯ್ಯಲು ನಡುಗುವ ಕೈ ಏಣಿ ಮೇಲೆ ನಿಂತು ಹೆಬ್ಬೆರಳು ದಪ್ಪದ ಕೊಂಬೆ ಕತ್ತರಿಸಿತು. ಅಪ್ಪ ಏಣಿ ಹಿಡಿದುಕೊಂಡಿದ್ದರು. ಮೂರು ಸಲ "ಅಮ್ಮೂ" ಅಂದರು. "ಏನಪ್ಪಾ?" ಅಂತ ಕೆಳಗೆ ನೋಡಿದರೆ "ಹುಷಾರು, ಮುಳ್ಳು" ಅಂದರು. ಮೂರು ಸಲವೂ ಅದೇ.

ಈಗ ನೀರು ನಿಲ್ಲಿಸಿ. ಇನ್ನು ಒಂದೂವರೆ ತಿಂಗಳಿಗೆ ಕಮಾನು ಪೂರ್ತಿ ರಾಣಿ ಬಣ್ಣ. ಪರೀಕ್ಷೆ ಮುಗಿಯುವ ತನಕ ಬರುವುದು ಬೇಡ, ಅಭ್ಯಾಸ ಕೆಡುತ್ತದೆ, ತಾನೇ ಬಂದು ನೋಡಿ ಹೋಗುತ್ತೇನೆ ಅಂತ ಅಪ್ಪ ಹೇಳಿದ್ದಾರೆ. ಸರಿ ಅಂದೆ. ಹೂ ಬಿಟ್ಟ ದಿನ ಮಾತ್ರ ಮರೆಯದೆ ಬರೆಯಿರಿ.

ಪದ ಹುಡುಕಿದೆ. 'ಕತ್ತರಿಸುವುದು'. ಸರಿಯಾ?

ಅಮ್ಮು


ಓಲ್ಡ್ ಟೌನ್, ಭದ್ರಾವತಿ
16 ನವೆಂಬರ್ 2024

ಚಿ. ಅಮೂಲ್ಯಳಿಗೆ ಆಶೀರ್ವಾದ.

ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಮನೆಯಲ್ಲಿ ಸುಣ್ಣಬಣ್ಣ, ಜನ, ಗಲಾಟೆ. ನನ್ನ ಕಿವಿಯ ಮಷಿನ್ನಿಗೆ ಎಲ್ಲವೂ ಒಂದೇ ಸದ್ದಾಗಿ ಕೇಳುತ್ತದೆ, ತೆಗೆದಿಟ್ಟುಬಿಟ್ಟಿದ್ದೇನೆ.

'ಕತ್ತರಿಸುವುದು' ತಪ್ಪಲ್ಲ.

ಗುರುವಾರ ಗೇಟಿನ ಗಿಡ ಸವರಿದ್ದಾಯಿತು. ಮನಸ್ಸಿಗೆ ಒಂದು ಥರ ಆಯಿತು. ಹೇಳದೆ ಏನೂ ಮಾಡಬೇಡಿ ಎಂದು ನೀನು ಬರೆದಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಏನಾದರೂ ಕೇಳುವುದಿದ್ದರೆ ಕೇಳು.

ಉಮತ್ತೆ


ಶಿವಮೊಗ್ಗ
21 ನವೆಂಬರ್ 2024

ಪ್ರೀತಿಯ ಉಮತ್ತೆಗೆ,

ನಿಮ್ಮ ಪತ್ರ ಓದಿ ಬಾತ್‌ರೂಮಿಗೆ ಹೋಗಿ ಅತ್ತೆ. ಖುಷಿಗೆ. ನಿಮಗೆ ಆ ಗಿಡ ಕಂಡರೆ ಅಷ್ಟಕ್ಕಷ್ಟೇ ಅಂದುಕೊಂಡಿದ್ದೆ, ಸೆರಗು ಹರಿದದ್ದನ್ನು ಬೇರೆ ಬರೆದಿದ್ದಿರಿ. ಅಂಥವರು ಅದನ್ನು ಸವರಿದೆ ಅಂದರೆ! ಅಮ್ಮನೂ ಸಂಜೆ ಹೊತ್ತು ಹಾಗೇ ಗೇಟಿನ ಹತ್ತಿರ ನಿಂತು ಎಲೆಗಳ ಮೇಲೆ ಕೈ ಸವರುತ್ತಿದ್ದಳು, ಮುಳ್ಳು ಚುಚ್ಚದ ಹಾಗೆ, ಹಸುವಿನ ಬೆನ್ನು ಸವರಿದ ಹಾಗೆ. ನಿಮ್ಮ ಮನಸ್ಸಿಗೆ ಒಂದು ಥರ ಆಯಿತು ಅಂದಿರಲ್ಲ, ಓದುತ್ತಾ ನನಗೂ ಆಯಿತು.

ಕೇಳುವುದು ಏನೂ ಇಲ್ಲ. ತುಂಬಾ ಥ್ಯಾಂಕ್ಸ್ ಉಮತ್ತೆ. ಥ್ಯಾಂಕ್ಸ್ ಅಂದರೆ ಬೈಯುತ್ತೀರಿ, ಆದ್ದರಿಂದ ನನ್ನ ಹೃತ್ಪೂರ್ವಕ ಕೃತಘ್ನತೆಗಳು. ನೀವು ಮಾಡಿದ್ದು ಒಳ್ಳೆಯದೇ ಆಯಿತು. ಇನ್ನು ಮೇಲೆ ಮನೆಯ ಬಗ್ಗೆ ನನಗೆ ಚಿಂತೆ ಇಲ್ಲ, ಓದಿಕೊಳ್ಳುತ್ತೇನೆ.

ಅಮ್ಮು


ಓಲ್ಡ್ ಟೌನ್, ಭದ್ರಾವತಿ
9 ಡಿಸೆಂಬರ್ 2024

ಚಿ. ಅಮೂಲ್ಯಳಿಗೆ,

ಕೃತಘ್ನತೆ ಅಂದರೆ ಮಾಡಿದ ಉಪಕಾರವನ್ನು ಮರೆಯುವುದು. ನೆನೆಯುವುದು ಕೃತಜ್ಞತೆ. ಒಂದಕ್ಷರ ತಪ್ಪಿದರೆ ಅರ್ಥ ತಲೆಕೆಳಗಾಗುತ್ತದೆ, ಪರೀಕ್ಷೆಯಲ್ಲಿ ಹೀಗೆ ಬರೆದೀಯ.

ನಾವೆಲ್ಲ ಕ್ಷೇಮ. ಚಳಿ ಇದೆ, ಹೊದೆದುಕೊಂಡು ಮಲಗು.

ಉಮತ್ತೆ


ಶಿವಮೊಗ್ಗ
17 ಡಿಸೆಂಬರ್ 2024

ಉಮಾಮಹೇಶ್ವರಿ ಮೇಡಂ ಅವರಿಗೆ,

ನಿನ್ನೆ ಮೆಸ್‌ನಲ್ಲಿ ನಡೆದ ಮಾತನ್ನು ನಡೆದ ಹಾಗೇ ಬರೆಯುತ್ತೇನೆ. ಕವನಾ ಊರಿಗೆ ಹೋಗಿದ್ದವಳು ಬಂದು ನನ್ನ ಪಕ್ಕ ಊಟಕ್ಕೆ ಕೂತಳು.

"ಏನೇ ಮಾರಾಯ್ತಿ, ನಿಮ್ಮನೆ ಗೇಟೇ ಗುರುತು ಸಿಗ್ಲಿಲ್ಲ ನಂಗೆ! ದಾಟಿ ಮುಂದೆ ಹೋಗ್ಬಿಟ್ಟೆ."

"ಪೇಂಟ್ ಮಾಡ್ಸಿದ್ದಾರೆ ಕಣೇ."

"ಪೇಂಟಲ್ಲ, ಹೂವಿನ ಗಿಡಾನೇ ಇಲ್ವಲ್ಲೇ. ಬುಡದವರೆಗೂ ಸವರಿ ಹಾಕಿದ್ದಾರೆ. ಮೊಣಕಾಲುದ್ದ ಕೊರಡು ನಿಂತಿದೆ, ಅಷ್ಟೇ."

"ಸವರಿದ್ರೆ ಗಿಡ ಯಾಕೆ ಇರಲ್ಲ?"

ಇದು ನಾನು ಕೇಳಿದ ಪ್ರಶ್ನೆ ಮೇಡಂ. ಇಡೀ ಟೇಬಲ್ ನಕ್ಕಿತು.

"ಅಯ್ಯೋ ಇಂಗ್ಲಿಷ್ ಮೀಡಿಯಮ್ಮು! ಸವರೋದು ಅಂದ್ರೆ ಕಡಿಯೋದು ಕಣೇ. ನಮ್ಮಜ್ಜಿ ವರ್ಷಾ ವರ್ಷಾ ಬೇಲಿ ಸವರ್ಸಲ್ವಾ, ಹಂಗೆ. ಶಾಮಿಯಾನಕ್ಕೆ ಅಡ್ಡ ಬಂತೇನೋ ಬಿಡು. ನಿಮ್ಮ ಚಿಕ್ಕಮ್ಮ ಎಷ್ಟು ಸಾಫ್ಟ್ ಕಣೇ, ರೋಡಲ್ಲಿ ಹೋಗ್ತಿದ್ದೋಳನ್ನ ಕರ್ದು ಲಾಡು ಕೊಟ್ರು."

"ನಂಗ್ಯಾವ ಚಿಕ್ಕಮ್ಮ ಇದ್ದಾರೆ?"

ಕವನಾ ನನ್ನ ಮುಖ ನೋಡಿದಳು. ಆಮೇಲೆ ತಟ್ಟೆ ನೋಡಿಕೊಂಡಳು. "ಅಮೂಲ್ಯ, ನಿಂಗೆ…" ಅಂತ ಶುರು ಮಾಡಿ ನಿಲ್ಲಿಸಿದಳು. ಎದುರು ಕೂತಿದ್ದ ಸೀನಿಯರ್ ಒಬ್ಬರು, ಮೊದಲ ವಾರ ನನ್ನನ್ನು ಅಳಿಸಿದ್ದವರು, ನೀರಿನ ಜಗ್ಗನ್ನು ನನ್ನ ಕಡೆ ತಳ್ಳಿದರು. ಅಷ್ಟು ಜನಕ್ಕೂ ನನಗಿಂತ ಮೊದಲು ಅರ್ಥವಾಗಿತ್ತು.

ನನ್ನ ಅಪ್ಪನ ಮದುವೆ ಡಿಸೆಂಬರ್ ಐದಕ್ಕೆ ಆಯಿತಂತೆ. ಆ ದಿನ ನಾನು ಲ್ಯಾಬಿನಲ್ಲಿ ದಾಸವಾಳ ಸೀಳಿ ರೆಕಾರ್ಡಿಗೆ ಚಿತ್ರ ಬರೆಯುತ್ತಿದ್ದೆ. ಇಪ್ಪತ್ತು ಕಿಲೋಮೀಟರ್ ಆಚೆ.

ಲೈಬ್ರರಿಗೆ ಹೋಗಿ ನಿಘಂಟು ತೆಗೆದೆ. ಸವರು: ಮೃದುವಾಗಿ ಕೈಯಾಡಿಸು. ಅದರ ಕೆಳಗೇ, ಕತ್ತರಿಸು, ಕಡಿದುಹಾಕು. ಗಿಡಕ್ಕೆ ಬೇರೆ ಮಾತಿದೆ ಅಂತ ಆಗಸ್ಟ್‌ನಲ್ಲಿ ಬರೆದಿರಿ. ಹೇಳಿಕೊಡದೆ ನಿಮ್ಮ ಹತ್ತಿರವೇ ಇಟ್ಟುಕೊಂಡಿರಿ. ಜೀವಮಾನವೆಲ್ಲ ಕನ್ನಡ ಪಾಠ ಮಾಡಿದವರು ನೀವು, ನನಗೆ ಎಷ್ಟು ಕನ್ನಡ ಬರುತ್ತದೆ, ಎಷ್ಟು ಬರುವುದಿಲ್ಲ ಅಂತ ನನಗಿಂತ ಚೆನ್ನಾಗಿ ಗೊತ್ತಿದ್ದವರು.

ಅದನ್ನಾದರೂ ನಿಮ್ಮ ಅಭ್ಯಾಸ ಅಂತ ಬಿಡಬಹುದಿತ್ತು. ಆದರೆ ನಾನು ಯಾವ ಅರ್ಥ ಹಿಡಿದೆ ಅಂತ ನನ್ನ ಪತ್ರದಲ್ಲೇ ಇತ್ತು, ಹಸುವಿನ ಬೆನ್ನು ಸವರಿದ ಹಾಗೆ ಅಂತ. ನೀವು ಅದನ್ನು ಓದಿದಿರಿ. ಓದಿ, ಕೃತಘ್ನತೆಯನ್ನು ತಿದ್ದಿ ಕಳಿಸಿದಿರಿ. ಒಂದಕ್ಷರ ತಪ್ಪಿದರೆ ಅರ್ಥ ತಲೆಕೆಳಗು ಅಂತ ಬುದ್ಧಿ ಬೇರೆ ಹೇಳಿದಿರಿ.

ಡಿಸೆಂಬರ್ ಮೊದಲ ಭಾನುವಾರ ನಿಮ್ಮ ತಮ್ಮ ಇಲ್ಲಿಗೆ ಬಂದಿದ್ದರು. ಹೊಸ ಚೂಡಿದಾರ್ ತಂದಿದ್ದರು. ವಿಸಿಟರ್ಸ್ ಬೆಂಚಿನ ಮೇಲೆ ಕೂತು ನೆಲ ನೋಡುತ್ತಾ ಕೇಳಿದರು.

"ಉಮಕ್ಕ ಎಲ್ಲಾ ಬರ್ದಿದ್ದಾಳಲ್ಲಮ್ಮೂ?"

"ಬರ್ದಿದ್ದಾರಪ್ಪ."

"ನಿಂಗೇನೂ ಬೇಜಾರಿಲ್ಲ ತಾನೆ?"

"ಅಯ್ಯೋ, ಬೇಜಾರು ಯಾಕಪ್ಪಾ? ಒಳ್ಳೇದೇ ಆಯ್ತಲ್ಲ."

ಅವರ ಕಣ್ಣಲ್ಲಿ ನೀರು ಬಂತು. ನನ್ನ ತಲೆ ಸವರಿ ಹೋದರು. ಯಾವ ಅರ್ಥದಲ್ಲಿ ಅಂತ ಈಗ ಗೊತ್ತಾಗುತ್ತಿದೆ.

ಇದರಲ್ಲಿ ತಪ್ಪುಗಳಿದ್ದರೆ ಹಾಗೇ ಇರಲಿ. ತಿದ್ದಿ ಕಳಿಸಬೇಡಿ.

ಅಮೂಲ್ಯ ಆರ್.


ಓಲ್ಡ್ ಟೌನ್, ಭದ್ರಾವತಿ
24 ಡಿಸೆಂಬರ್ 2024

ಅಮ್ಮೂ,

ತಿದ್ದುವುದಿಲ್ಲ.

ಅವಳ ಹೆಸರು ಜಯಾ. ಹೊಳೆಹೊನ್ನೂರಿನವಳು, ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಗಂಡ ತೀರಿಕೊಂಡು ಬಹಳ ವರ್ಷ, ಮಕ್ಕಳಿಲ್ಲ. ಅವಳ ಮನೆಯ ಬಾವಿಯ ಪಂಪು ಕೆಟ್ಟು ನಿನ್ನ ಅಪ್ಪ ರಿಪೇರಿಗೆ ಹೋದದ್ದು ಮೊದಲು. ಆ ಪಂಪು ಅಷ್ಟು ಸಲ ಕೆಡುವಂಥದ್ದಲ್ಲ ಅಂತ ನನಗೆ ಜುಲೈನಲ್ಲೇ ಅನ್ನಿಸಿತ್ತು.

ನನ್ನ ತಮ್ಮ ರುದ್ರೇಶ ಅಡಿಗೆಮನೆ ಬಾಗಿಲಲ್ಲಿ ನಿಂತು, "ಅಕ್ಕಾ, ಅವಳ ಮುಖ ನೋಡ್ಕೊಂಡು ಹೇಳೋಕೆ ನನ್ ಕೈಲಾಗಲ್ಲ. ನೀನು ಬರಿ. ನೀನು ಬರೆದ್ರೆ ಅವಳಿಗೆ ನೋವಾಗದ ಹಾಗೆ ಬರೀತೀಯ" ಅಂದ. ಒಪ್ಪಿಕೊಂಡೆ. ನೋವಾಗದ ಹಾಗೆ ಬರೆಯುವುದು ನನಗೆ ಬರುತ್ತದೆ ಅನ್ನುವ ಜಂಬವೂ ಇತ್ತೋ ಏನೋ. ಬರೆದೆ, ಹರಿದೆ. ಮತ್ತೆ ಬರೆದೆ, ಹರಿದೆ. ಅಷ್ಟರಲ್ಲಿ ಹೆಣ್ಣಿನ ಕಡೆಯ ಹಿರಿಯರು ಬಂದು ಮನೆ ನೋಡಿದರು. ಬಾಗಿಲಲ್ಲಿ ಮುಳ್ಳಿನ ಗಿಡ ಬೇಡ ಅಂದರು, ಶಾಮಿಯಾನದ ಕಂಬಕ್ಕೂ ಅಡ್ಡ ಅಂದರು. "ತುದಿ ಮಾತ್ರ ತೆಗಿಯಪ್ಪ" ಅಂತ ಕೆಲಸಕ್ಕೆ ಬಂದಿದ್ದ ಮಾರಪ್ಪನಿಗೆ ಹೇಳಿ ಒಳಗೆ ಬಂದೆ. ಮಷಿನ್ ಕಿವಿಯಲ್ಲಿರಲಿಲ್ಲ. ಹೊರಗೆ ಬಂದು ನೋಡುವಷ್ಟರಲ್ಲಿ ರಸ್ತೆ ತುಂಬ ಮುಳ್ಳು.

ಎಲ್ಲ ಬರೆಯುವ ಧೈರ್ಯವಿಲ್ಲದೆ ಗಿಡದ ವಿಷಯವೊಂದನ್ನೇ ಬರೆದೆ. ಯಾಕೆ ಸವರಿದಿರಿ ಎಂದು ನೀನು ಸಿಟ್ಟಿನಲ್ಲಿ ಕೇಳುತ್ತೀಯ, ಆಗ ಉಳಿದದ್ದು ತಾನಾಗಿ ಬರುತ್ತದೆ ಅಂದುಕೊಂಡಿದ್ದೆ. ಆ ಪದವನ್ನು ಬೇಕೆಂದೇ ಆರಿಸಲಿಲ್ಲ ಅಮ್ಮೂ. ನಮ್ಮ ಬಾಯಲ್ಲಿ ಗಿಡಕ್ಕೆ ಅದೇ ಪದ. ನೀನು ಥ್ಯಾಂಕ್ಸ್ ಅಂತ ಬರೆದೆ. ನಿನ್ನ ಪತ್ರ ಹಿಡಿದು ಪಡಸಾಲೆಯಲ್ಲಿ ಕೂತಿದ್ದೆ. ತಿದ್ದಿದ್ದರೆ ಎಲ್ಲವನ್ನೂ ಹೇಳಬೇಕಾಗಿತ್ತು.

ನಾನು ಒಂದು ಸುಳ್ಳನ್ನೂ ಬರೆಯಲಿಲ್ಲ. ಅಷ್ಟು ಮಾತ್ರ ನೆನಪಿಟ್ಟುಕೋ.

ಉಮತ್ತೆ


ಓಲ್ಡ್ ಟೌನ್, ಭದ್ರಾವತಿ
3 ಫೆಬ್ರವರಿ 2025

ಅಮ್ಮೂ,

ಸಂಕ್ರಾಂತಿಯ ಎಳ್ಳು ಕಳಿಸಿದೆ, ಮುಟ್ಟಿತೋ ಇಲ್ಲವೋ ಗೊತ್ತಾಗಲಿಲ್ಲ. ಪರೀಕ್ಷೆ ಹೇಗಾಯಿತೋ ಅದೂ ಗೊತ್ತಿಲ್ಲ. ರಜೆಗೆ ಮನೆಗೆ ಬಾರದೆ ಎನ್‌ಎಸ್‌ಎಸ್ ಕ್ಯಾಂಪಿಗೆ ಹೋದೆಯೆಂದು ಕವನಾಳ ಅಮ್ಮ ಹೇಳಿದರು. ನಿನ್ನ ಅಪ್ಪ ಎರಡು ಭಾನುವಾರ ಬಂದು ಹಾಸ್ಟೆಲ್ ಗೇಟಿನಲ್ಲಿ ನಿಂತು ವಾಪಸು ಬಂದ. "ತಲೆನೋವಂತೆ, ಮಲ್ಗಿದ್ದಾಳಂತೆ" ಅಂತ ಹೇಳಿ ಒಯ್ದಿದ್ದ ಡಬ್ಬಿಯನ್ನು ಅಡಿಗೆಮನೆಯಲ್ಲಿಟ್ಟ. ತೆರೆದಿರಲಿಲ್ಲ.

ಕೊರಡಿನ ತುಂಬ ಚಿಗುರು ಬಂದಿದೆ. ಗಿಣ್ಣಿನ ಒಂದು ಕಣ್ಣನ್ನೂ ಬಿಡದೆ, ಎಲ್ಲ ಕಡೆಯಿಂದಲೂ.

ಅದನ್ನು ಊರಿದ್ದು ಯಾರು ಎಂದು ಜಯಾ ಕೇಳಿದಳು. ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ. "ಗೊತ್ತಿದ್ರೆ ನಮ್ಮೋರಿಗೆ ನಾನೇ ಬೇಡ ಅಂತಿದ್ದೆ ಅತ್ತಿಗೆ" ಅಂದಳು. ಆ ಹೊತ್ತು ಊಟ ಮಾಡಲಿಲ್ಲ. ನೀನು ಬರುವಷ್ಟರಲ್ಲಿ ಅದು ಮೊದಲಿನ ಹಾಗೆ ಹೂ ಬಿಡುವಂತೆ ಮಾಡಬೇಕು, ಹೇಗೆ ನೋಡಿಕೊಳ್ಳಬೇಕೆಂದು ಅಮೂಲ್ಯಳನ್ನು ಕೇಳಿ ಅನ್ನುತ್ತಾಳೆ. ನಾನೇ ಹೇಳಬಹುದಿತ್ತು. ನೀನು ಹೇಳಿದರೆ ಅವಳಿಗೆ ಸಂತೋಷ.

ಉಮತ್ತೆ


ಶಿವಮೊಗ್ಗ
12 ಫೆಬ್ರವರಿ 2025

ಉಮಾಮಹೇಶ್ವರಿಯವರಿಗೆ,

ಕೇಳಿದ್ದೀರಿ, ಬರೆದಿದ್ದೇನೆ. ಕೆಳಗಿನದನ್ನು ಅವರಿಗೆ ಕೊಡಿ.

ಗಿಡಕ್ಕೆ ದಿನವೂ ಬೆಳಿಗ್ಗೆ ಸಂಜೆ ಎರಡು ಹೊತ್ತು ಧಾರಾಳವಾಗಿ ನೀರು ಹಾಕಿ. ಬುಡ ಒಣಗಲು ಬಿಡಲೇಬೇಡಿ. ತಿಂಗಳಿಗೊಮ್ಮೆ ಕೊಟ್ಟಿಗೆ ಗೊಬ್ಬರ ಬುಟ್ಟಿ ತುಂಬ ಹಾಕಿ. ಕತ್ತರಿ ಮುಟ್ಟಿಸಬೇಡಿ, ಎಷ್ಟು ಉದ್ದ ಬೆಳೆದರೂ ಹಾಗೇ ಬಿಡಿ. ಚೆನ್ನಾಗಿ ನೋಡಿಕೊಂಡರೆ ಚೆನ್ನಾಗಿ ಬರುತ್ತದೆ. ಕೇಳಿದ್ದಕ್ಕೆ ಕೃತಜ್ಞತೆಗಳು.

ಅಮೂಲ್ಯ ಆರ್.


ಓಲ್ಡ್ ಟೌನ್, ಭದ್ರಾವತಿ
12 ಏಪ್ರಿಲ್ 2025

ಅಮ್ಮೂ,

ಫೆಬ್ರವರಿಯ ನಿನ್ನ ಪತ್ರದಲ್ಲಿ ಒಂದು ತಪ್ಪೂ ಇರಲಿಲ್ಲ. ಒಂದು ಇಂಗ್ಲಿಷ್ ಪದವೂ ಇರಲಿಲ್ಲ. ಓದಿದ ಕೂಡಲೇ ಗೊತ್ತಾಯಿತು, ಇದು ನನ್ನ ಅಮ್ಮು ಬರೆದದ್ದಲ್ಲ ಎಂದು. ಈ ಗಿಡಕ್ಕೆ ಬಾಯಾರಬೇಕು ಎಂದು ನನಗೆ ಕಲಿಸಿದವಳು ನೀನು.

ಆದರೂ ಚೀಟಿಯನ್ನು ಜಯಾಳಿಗೆ ಕೊಟ್ಟೆ. ಅವಳು ಅದನ್ನು ಗೋಡೆಗೆ, ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಾಳೆ.

ಈಗ ಬಿಸಿಲು ನೋಡು. ಊರಿನ ಕಾಂಪೌಂಡುಗಳ ಮೇಲೆಲ್ಲ ಕಾಗದದ ಹೂ ಸುರಿಯುತ್ತಿದೆ. ನಮ್ಮದೊಂದೇ ಹಸಿರು. ಕಾಡು ಬೆಳೆದ ಹಾಗೆ ಬೆಳೆದು ಕಮಾನು ಹತ್ತಿದೆ, ಒಂದು ಹೂವಿಲ್ಲ, ಬೆರಳುದ್ದ ಮುಳ್ಳು. ಜಯಾ ಎರಡು ಹೊತ್ತೂ ಕೊಡ ಹೊರುತ್ತಾಳೆ. ನಲ್ಲಿಯಲ್ಲಿ ನೀರು ಬಾರದ ದಿನ ಬಟ್ಟೆ ಒಗೆಯದೆ ಗಿಡಕ್ಕೆ ಹಾಕುತ್ತಾಳೆ. ಪಕ್ಕದ ಮನೆಯ ಪುಷ್ಪಮ್ಮ, "ಇದಕ್ಯಾಕೆ ಇಷ್ಟು ನೀರು ಹುಯ್ತೀರಾ, ಇದೇನು ಬಾಳೆ ಗಿಡವಾ?" ಅಂತ ನಕ್ಕರು. "ಇಲ್ಲ ರೀ, ನಮ್ಮ ಅಮೂಲ್ಯ ಬರ್ದು ಕಳ್ಸಿದ್ದಾಳೆ, ಅವಳು ಅದನ್ನೇ ಓದ್ತಿರೋದು" ಅಂದಳು. ಅವಳ ಮೊಣಕೈ ತನಕ ಗೀರು. ದಿನಾ ಬೆಳಿಗ್ಗೆ ಗಿಡದ ಮುಂದೆ ನಿಂತು ಮೊಗ್ಗು ಹುಡುಕುತ್ತಾಳೆ.

ಇನ್ನೊಂದು ಹೇಳಬೇಕು. ಡಿಸೆಂಬರಿನಲ್ಲಿ ಹೇಳಬೇಕಿತ್ತು. ಮದುವೆಗೆ ಮುಂಚೆ ರುದ್ರೇಶ, "ಅಮ್ಮು ಏನಂದ್ಲು ಅಕ್ಕಾ?" ಅಂತ ಕೇಳಿದ. ನಿನ್ನ ನವೆಂಬರಿನ ಪತ್ರ ನನ್ನ ಕೈಯಲ್ಲಿತ್ತು. "ಥ್ಯಾಂಕ್ಸ್ ಅಂದಿದ್ದಾಳೆ. ಒಳ್ಳೇದೇ ಆಯ್ತು, ಇನ್ನು ಚಿಂತೆ ಇಲ್ಲ ಅಂದಿದ್ದಾಳೆ" ಅಂದೆ. ಅಷ್ಟೂ ನಿನ್ನ ಮಾತೇ. ಅವನು ಅದನ್ನು ನಂಬಿಯೇ ನಿನ್ನ ಹತ್ತಿರ ಬಂದಿದ್ದ. ನೀನೂ ಅವನೆದುರು ಅದನ್ನೇ ಹೇಳಿದೆಯಂತೆ. ಹೋಗಿ ಜಯಾಳಿಗೆ ಹೇಳಿದ. ಹಿರಿಯರು ಎಲ್ಲ ಗೊತ್ತು ಮಾಡಿದ್ದರೂ ಅವಳು ಅದುವರೆಗೂ ಹೂಂ ಅಂದಿರಲಿಲ್ಲ ಅಮ್ಮೂ. ಬೆಳೆದ ಮಗಳು ಒಪ್ಪದ ಮನೆಗೆ ಬರುವುದಿಲ್ಲ ಎಂದು ಕೂತಿದ್ದಳು. ನಿನ್ನ ಥ್ಯಾಂಕ್ಸ್ ಕೇಳಿ ಒಪ್ಪಿದಳು. ನಿನ್ನ ಡಿಸೆಂಬರಿನ ಪತ್ರ ಬಂದ ಮೇಲೆ ರುದ್ರೇಶನಿಗೆ ನಿಜ ಹೇಳಿದೆ, ಅವಳೊಬ್ಬಳು ಮಾತ್ರ ಪರೀಕ್ಷೆ ಇದ್ದುದರಿಂದ ನೀನು ಮದುವೆಗೆ ಬರಲಿಲ್ಲ ಎಂದು ಈಗಲೂ ನಂಬಿದ್ದಾಳೆ. ನಿನ್ನದು ದೊಡ್ಡ ಮನಸ್ಸು ಎಂದು ಬೀದಿಗೆಲ್ಲ ಹೇಳುತ್ತಾಳೆ.

ನೀರಿನ ವಿಷಯ ನೀನೇ ಬರೆದು ಸರಿ ಮಾಡು. ನಾನು ಹೇಳಿದರೆ ನೀನು ಬೇಕೆಂದೇ ಮಾಡಿದೆ ಎಂದು ಅವಳಿಗೆ ಗೊತ್ತಾಗುತ್ತದೆ. ಆದರೆ ನೀರಿನ ವಿಷಯ ಮಾತ್ರ. ಉಳಿದದ್ದು ಬೇಡ, ಕೈ ಮುಗಿಯುತ್ತೇನೆ. ಅವಳು ಆ ಒಂದು ಮಾತನ್ನು ಹಿಡಿದುಕೊಂಡು ಈ ಮನೆಯಲ್ಲಿ ಓಡಾಡುತ್ತಿದ್ದಾಳೆ.

ಉಮತ್ತೆ


ಶಿವಮೊಗ್ಗ
20 ಏಪ್ರಿಲ್ 2025

ಜಯಾ ಅವರಿಗೆ,

ಕವರಿನ ಮೇಲೆ ನಿಮ್ಮ ಹೆಸರನ್ನೇ ಬರೆದಿದ್ದೇನೆ. ಉಮತ್ತೆ ಮೊದಲು ಓದಿ ಆಮೇಲೆ ಕೊಡುವುದು ಬೇಡ ಅಂತ.

ಇವತ್ತಿನಿಂದ ಗಿಡಕ್ಕೆ ನೀರು ನಿಲ್ಲಿಸಿ. ಮಣ್ಣು ಬಿರುಕು ಬಿಡಲಿ, ಎಲೆ ಬಾಡಲಿ, ನೋಡೋಕೆ ಪಾಪ ಅನ್ನಿಸುತ್ತದೆ, ಆದರೂ ಹಾಕಬೇಡಿ. ಪೂರ್ತಿ ಜೋತುಬಿದ್ದ ದಿನ ಒಂದೇ ಒಂದು ಕೊಡ. ಗೊಬ್ಬರ ಹಾಕಿದ್ದರೆ ಬುಡದಿಂದ ಕೆರೆದು ತೆಗೆಯಿರಿ. ಅಂಕುಡೊಂಕಾಗಿ ಬಾಗಿದ ಕೊಂಬೆಗಳನ್ನು ಬಿಟ್ಟು ನೆಟ್ಟಗೆ ಮೇಲೆ ಹೋಗಿರುವವನ್ನು ಅರ್ಧಕ್ಕೆ ಕತ್ತರಿಸಿ. ಚರ್ಮದ ಗ್ಲೌಸ್ ಅಪ್ಪನ ಅಂಗಡಿಯಲ್ಲಿ ಇರುತ್ತದೆ, ಹಾಕಿಕೊಳ್ಳಿ. ಮಳೆಗೆ ಮುಂಚೆ ಸ್ವಲ್ಪವಾದರೂ ಹೂ ಬರಬಹುದು. ಬರದೇ ಇರಬಹುದು. ತುಂಬಾ ನೀರು ಕುಡಿದುಬಿಟ್ಟಿದೆ.

ಫೆಬ್ರವರಿಯಲ್ಲಿ ನಾನು ಬರೆದದ್ದೆಲ್ಲ ಉಲ್ಟಾ. ಗೊತ್ತಿಲ್ಲದೆ ಬರೆದದ್ದಲ್ಲ. ನೀವು ಕಷ್ಟಪಡಲಿ, ಹೂ ಬರದೇ ಇರಲಿ, ಯಾಕೆ ಅಂತ ನಿಮಗೆ ಯಾವತ್ತೂ ಗೊತ್ತಾಗದೇ ಇರಲಿ ಅಂತ ಬರೆದೆ. ಬರೆದ ದಿನ ಚೆನ್ನಾಗಿ ನಿದ್ದೆ ಬಂತು.

ಅಷ್ಟು ಮಾತ್ರ ಬರೆದು ನಿಲ್ಲಿಸು ಅಂತ ಉಮತ್ತೆ ಹೇಳಿದ್ದಾರೆ. ಒಂದು ವಾರ ಯೋಚನೆ ಮಾಡಿದೆ. ಕ್ಲಾಸಿನಲ್ಲಿ, ಮೆಸ್‌ನಲ್ಲಿ, ಬಾಟನಿ ಸರ್ ಹೂವಿನಲ್ಲಿ ಸ್ಟಿಗ್ಮಾ ಎಲ್ಲಿದೆ ತೋರಿಸು ಅಂದಾಗ ಕೂಡ. ನಿಲ್ಲಿಸೋಕೆ ಆಗುತ್ತಿಲ್ಲ.

ನಾನು ನಿಮ್ಮ ಮದುವೆಗೆ ಒಪ್ಪಿಗೆ ಕೊಟ್ಟಿರಲಿಲ್ಲ. ಬೇಡ ಅಂತಲೂ ಅಂದಿರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ಡಿಸೆಂಬರ್ ಐದಕ್ಕೆ ನನಗೆ ಪರೀಕ್ಷೆ ಇರಲಿಲ್ಲ. ಮದುವೆ ಆಗಿದೆ ಅಂತ ನನಗೆ ಗೊತ್ತಾದದ್ದು ಕವನಾಳಿಂದ, ನೀವು ಲಾಡು ಕೊಟ್ಟ ಹುಡುಗಿ, ಅವಳಿಂದ. ನಾನು ಥ್ಯಾಂಕ್ಸ್ ಅಂದದ್ದು ಉಮತ್ತೆ ನಮ್ಮಮ್ಮನ ಗಿಡವನ್ನು ಪ್ರೀತಿಯಿಂದ ಮುಟ್ಟಿದರು ಅಂದುಕೊಂಡು. ಅವರು ಬರೆದಿದ್ದು ಸವರಿದ್ದಾಯಿತು ಅಂತ. ನನ್ನ ಕನ್ನಡ ಅಷ್ಟೇ.

ನನಗೆ ಹೇಳಿದ್ದರೆ ನಾನು ಅಳುತ್ತಿದ್ದೆ, ಜಗಳ ಮಾಡುತ್ತಿದ್ದೆ, ಊಟ ಬಿಡುತ್ತಿದ್ದೆ. ಆಮೇಲೆ ಹೂಂ ಅನ್ನುತ್ತಿದ್ದೆನೋ ಏನೋ, ಗೊತ್ತಿಲ್ಲ. ಅದು ಗೊತ್ತಾಗುವ ಚಾನ್ಸ್ ನನಗೂ ಸಿಗಲಿಲ್ಲ, ನಿಮಗೂ ಸಿಗಲಿಲ್ಲ. ಅಪ್ಪನಿಗೆ ಒಂದು ವಾಕ್ಯ ಹೇಳೋಕೆ ಅಕ್ಕ ಬೇಕಾಯಿತು. ಅಕ್ಕನಿಗೆ ಎರಡು ಅರ್ಥದ ಪದ ಬೇಕಾಯಿತು.

ಇದನ್ನು ನಿಮಗೆ ನೋವಾಗಲಿ ಅಂತ ಬರೆಯುತ್ತಿದ್ದೀನಾ ಅಂತ ನನ್ನನ್ನೇ ಕೇಳಿಕೊಂಡೆ. ಸ್ವಲ್ಪ ಹೌದು. ಪೂರ್ತಿ ಅಲ್ಲ. ಊರಿಗೆಲ್ಲ ಗೊತ್ತಿದ್ದು ನನಗೊಬ್ಬಳಿಗೇ ಗೊತ್ತಿಲ್ಲದೆ ಕೂತಿದ್ದೆನಲ್ಲ, ತಟ್ಟೆ ಮುಂದೆ, ಆ ಜಾಗದಲ್ಲಿ ಈಗ ನೀವು ಕೂತಿದ್ದೀರಿ. ಮನೆಯಲ್ಲಿ ಎಲ್ಲರಿಗೂ ಗೊತ್ತು, ನಿಮಗೊಬ್ಬರಿಗೇ ಗೊತ್ತಿಲ್ಲ. ಅದು ನನ್ನ ಕೈಲಿ ನೋಡೋಕಾಗಲ್ಲ.

ನಿಮಗೆ ಉಮತ್ತೆ ಮೇಲೆ ಕೋಪ ಬಂದರೆ ಅವರ ಮುಂದೆಯೇ ಹೇಳಿ, ಮಷಿನ್ ಹಾಕಿಸಿ ಹೇಳಿ.

ಬಸವ ಜಯಂತಿಗೆ ಕಾಲೇಜಿಗೆ ರಜೆ. ಹಾಸ್ಟೆಲ್‌ನಿಂದ ಹೊರಗೆ ಬಿಡಬೇಕೆಂದರೆ ಮನೆಯವರು ಯಾರಾದರೂ ವಾರ್ಡನ್‌ಗೆ ಫೋನ್ ಮಾಡಬೇಕು. ಅಪ್ಪನಿಗೆ ನಾನು ಹೇಳುವುದಿಲ್ಲ. ಇದನ್ನೆಲ್ಲ ಓದಿದ ಮೇಲೂ ನಾನು ಬರಬಹುದು ಅಂತ ನಿಮಗೆ ಅನ್ನಿಸಿದರೆ ನೀವು ಮಾಡಿ. ನಂಬರ್ ಈ ಹಾಳೆಯ ಹಿಂದೆ ಬರೆದಿದ್ದೇನೆ. ಸಂಜೆ ಆರರ ಮೇಲೆ ಸಿಗುತ್ತಾರೆ. ಸ್ವಲ್ಪ ಜೋರಿನ ಹೆಂಗಸು, ಹೆದರಬೇಡಿ. "ನೀವು ಹುಡುಗಿಗೆ ಏನಾಗ್ಬೇಕು?" ಅಂತ ಮೊದಲು ಅದನ್ನೇ ಕೇಳುತ್ತಾರೆ.

ಏನು ಹೇಳಬೇಕು ಅಂತ ನನಗೂ ಗೊತ್ತಿಲ್ಲ. ಯೋಚನೆ ಮಾಡಿ, ನೀವೇ ಹೇಳಿ.

ಅಮೂಲ್ಯ